ಹೆಡ್‌ಫೋನಿನೊಳಗಿನ ಗಂಟೆ

ಬೆಳಗಿನ ಆರು. ಮಹಾನಗರದ ಆಂಟಾಪ್ ಹಿಲ್‌ನ ಹಳೆಯ ಬಿಲ್ಡಿಂಗೊಂದರ ಮೂರನೆಯ ಮಹಡಿಯಲ್ಲಿ ಚಂದ್ರಾಮ ನೆಲಕ್ಕೆ ಕೂತು ಎರಡು ಕಂಪ್ಯೂಟರ್‌ಗಳನ್ನು ಮತ್ತೆ ಮತ್ತೆ ನೋಡುತ್ತಿದ್ದಾರೆ. ಒಂದು ಮಂಚದ ಪಕ್ಕದ ಹಳೆಯ ವಿಂಡೋಸ್ ಯಂತ್ರ, ಇನ್ನೊಂದು ಒಳಕೋಣೆಯಿಂದ ತಂದ ಮ್ಯಾಕ್ ಲ್ಯಾಪ್‌ಟಾಪ್. ಮಂಚದ ಮೇಲೆ ಕೇಶವಮೂರ್ತಿ. ಲಕ್ವ ಹೊಡೆದು ಎರಡು ವರ್ಷ. ಮಾತಿಲ್ಲ, ಬಲಗೈಯ ಒಂದು ಬೆರಳಷ್ಟೇ ಆಡುತ್ತದೆ. ಆ ಬೆರಳು ಕೀ ಒತ್ತಿದರೆ, ಒಳಗೆ ಬಾಗಿಲು ಹಾಕಿಕೊಂಡು ಗಿರಾಕಿಗಳ ಫೋನ್ ಕೆಲಸ ಮಾಡುವ ಹೆಂಡತಿ ಅಲಮೇಲು ಅವರ ಹೆಡ್‌ಫೋನಿನಲ್ಲಿ ಗಂಟೆ ಬಾರಿಸಬೇಕು. ನಿನ್ನೆ ಸಂಜೆಯಿಂದ ಬಾರಿಸುತ್ತಿಲ್ಲ.

“ನೀರು ಬೇಕಿತ್ತು ಅವರಿಗೆ. ಎಷ್ಟು ಹೊತ್ತು ಒತ್ತಿದರೋ. ನಾನು ಒಳಗೆ ಯಾರದೋ ಕಂಪ್ಲೇಂಟ್ ಕೇಳ್ತಾ ಕೂತಿದ್ದೆ” ಎನ್ನುತ್ತಾರೆ ಅಲಮೇಲು. “ಎಂಟಕ್ಕೆ ಶಿಫ್ಟು. ಇದು ಸರಿಹೋಗದೆ ಆ ಬಾಗಿಲು ಹಾಕೋಕೆ ನನ್ನ ಕೈಲಿ ಆಗಲ್ಲ.”

ಇಂಡಿ ಕಡೆಯ ಚಂದ್ರಾಮ ಹನ್ನೊಂದು ವರ್ಷದ ಹಿಂದೆ ಕೇಬಲ್ ಎಳೆಯುವ ಕೂಲಿಗೆ ಈ ನಗರಕ್ಕೆ ಬಂದವರು. ಏಣಿ ಜಾರಿ ಸೊಂಟಕ್ಕೆ ಪೆಟ್ಟಾದ ಮೇಲೆ ಕೂತು ಮಾಡುವ ಈ ಕಂಪ್ಯೂಟರ್ ರಿಪೇರಿ ಕೆಲಸ ಕಲಿತರು. ವಡಾಲದಿಂದ ಇಲ್ಲಿಯವರೆಗೆ ದಿನಕ್ಕೆ ಆರೇಳು ಮನೆ. ಲಿಫ್ಟ್ ಇಲ್ಲದವೇ ಹೆಚ್ಚು. ಈ ಗಂಟೆಯನ್ನು ಹೊಂದಿಸಿಕೊಟ್ಟವರೂ ಅವರೇ.

“ವಿಂಡೋಸು, ಮ್ಯಾಕು ಅಂದ್ರೆ ಅತ್ತೆ ಸೊಸೆ ಇದ್ದ ಹಾಗಂತೆ. ಎಷ್ಟು ದಿನ ಹೊಂದ್ಕೊಂಡಾವು ಅಂತಾರೆ ಪಕ್ಕದ ಮನೆಯವರು” ಎನ್ನುತ್ತಾರೆ ಅಲಮೇಲು.

“ಎರಡು ವರ್ಷ ಹೊಂದ್ಕೊಂಡಾವಲ್ರಿ ಅಕ್ಕಾರ. ಒಂದ ದಿನದಾಗ ಜಗಳ ಯಾಕ ಬಂತು?”

ಪಾಸ್‌ವರ್ಡ್ ಸರಿಯಿದೆ. ಎರಡು ಕಡೆಯೂ ಅನುಮತಿಗಳು ಸರಿಯಿವೆ, ಇಂಟರ್ನೆಟ್ ಬರುತ್ತಿದೆ. ಆದರೂ ಒಂದು ಯಂತ್ರದ ಕಣ್ಣಿಗೆ ಇನ್ನೊಂದು ಬೀಳುತ್ತಿಲ್ಲ. ಏಳಾಗುತ್ತದೆ. ಚಂದ್ರಾಮ ಯಂತ್ರದಿಂದ ಕೈ ತೆಗೆದು ಕಣ್ಣು ಮುಚ್ಚುತ್ತಾರೆ. ಅವರ ರೀತಿಯೇ ಹಾಗೆ.

“ನಿನ್ನಿ ಮುಂಜಾನಿಂದ ಏನೇನ ಮಾಡಿದ್ರಿ, ಒಂದೂ ಬಿಡದಂಗ ಹೇಳ್ರಿ.”

“ಏನು ಹೇಳಲಿ? ಆಯುಧಪೂಜೆ. ಪುಳಿಯೋಗರೆ ಮಾಡಿದೆ. ಕಂಪ್ಯೂಟರ್ ಒರೆಸಿ ಕುಂಕುಮ ಇಟ್ಟೆ. ಬಾಗಿಲ ಮೇಲಿನ ಇಂಟರ್ನೆಟ್ ಡಬ್ಬಿಗಳನ್ನ ಇಳಿಸಿ ದೇವರ ಮುಂದೆ ಇಟ್ಟಿದ್ದೆ...”

ಚಂದ್ರಾಮ ಕಣ್ಣು ಬಿಡುತ್ತಾರೆ. “ವಾಪಸ್ ಇಟ್ಟವರು ಯಾರ್ರಿ?”

“ನಾನೇ. ವೈರು ಎಲ್ಲಿತ್ತೋ ಅಲ್ಲೇ ಚುಚ್ಚಿದೀನಿ.”

ಬಾಗಿಲ ಮೇಲಿನ ಹಲಗೆಯಲ್ಲಿರುವುದು ಎರಡು ಡಬ್ಬಿ. ಒಂದು ಇಂಟರ್ನೆಟ್ ಕಂಪನಿಯದು, ಇನ್ನೊಂದು ಚಂದ್ರಾಮ ಹಾಕಿದ್ದು. ಮಂಚದ ಕಡೆಯ ವೈರೂ ಮ್ಯಾಕ್ ಸೇರಿರುವ ಚಂದ್ರಾಮರ ಡಬ್ಬಿಗೇ ಹೋಗಬೇಕಿತ್ತು. ಪೂಜೆ ಮುಗಿದ ಗಡಿಬಿಡಿಯಲ್ಲಿ ಕಂಪನಿಯದಕ್ಕೆ ಹೋಗಿದೆ.

“ಒಂದ ಮನ್ಯಾಗ ಎರಡ ಒಲಿ ಹೂಡಿದಂಗ ಆಗೇದ್ರಿ. ಎರಡೂ ಕಡಿ ಅಡಗಿ ಆಗ್ತದ ಖರೆ, ಒಬ್ಬರ ಹಸಿವು ಇನ್ನೊಬ್ಬರಿಗೆ ಗೊತ್ತಾಗಂಗಿಲ್ಲ.”

ವೈರು ಬದಲಾಗುತ್ತದೆ. ಯಂತ್ರಗಳು ಮತ್ತೆ ಏಳುತ್ತವೆ. ಕೇಶವಮೂರ್ತಿಯವರ ಬೆರಳು ಕೀ ಮೇಲೆ ಇಳಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡಿದ್ದ ಅಲಮೇಲು ಕಿವಿಯಲ್ಲಿ ಗಂಟೆ ಕೇಳುತ್ತಲೇ ಹಾಗೇ ಮಂಚದ ಅಂಚಿಗೆ ಕೂರುತ್ತಾರೆ.

ಚಂದ್ರಾಮ ಪೂಜೆಯ ಅರಿಸಿನ ದಾರವನ್ನೇ ಹರಿದು ಆ ವೈರಿನ ತುದಿಗೆ ಗುರುತು ಕಟ್ಟುತ್ತಾರೆ. “ಬರೋ ವರ್ಷ ಇಳಿಸಬ್ಯಾಡ್ರಿ. ಇದ್ದಲ್ಲೇ ಕುಂಕುಮ ಹಚ್ರಿ.”

ನಿಮಗೇನು ಆಸೆ ಎಂದು ಅಲಮೇಲು ಕೇಳಿದರೆ ಚಂದ್ರಾಮ ನಗುತ್ತಾರೆ. “ಈ ಮನ್ಯಾಗ ನನ್ನ ನೆನಪ ಬರಬಾರದ್ರಿ. ಬಂತು ಅಂದ್ರ ಗಂಟಿ ನಿಂತದ ಅಂತ.”

ಆದರೂ ಹೋಗುವುದಿಲ್ಲ. ಶಿಫ್ಟಿನಲ್ಲಿ ಮೊದಲ ಗಂಟೆ ಕೇಳಿದಾಗ ಒಂದು ಮಿಸ್ಡ್ ಕಾಲ್ ಕೊಡಿ ಎಂದು ಹೇಳಿ ಬಂದಿದ್ದಾರೆ. ಫೋನ್ ಹಿಡಿದು ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಎಂಟಾಗುತ್ತದೆ. ಎಂಟೂ ಕಾಲು. ಕೈಯಲ್ಲಿನ ಫೋನ್ ಒಮ್ಮೆ ನಡುಗಿ ನಿಲ್ಲುತ್ತದೆ.

“ನೀರ ಕೇಳ್ಯಾರ ನೋಡು” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಚೀಲ ಹೆಗಲಿಗೇರಿಸುತ್ತಾರೆ.