ಸುರೇಖಾ ಕಲಿಸಿಕೊಟ್ಟ ಉತ್ತರ

ಸಿಂದಗಿಯ ಸುರೇಖಾಗೆ ಗಾಬರಿಯಾಗಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಯಾರಿಗೋ ಏನೋ ಆಯಿತೆಂದು ಎದೆ ಹೊಡೆದುಕೊಳ್ಳುತ್ತಿತ್ತು. ಸ್ಕೂಟಿ ಸ್ವಲ್ಪ ಬೇರೆ ಸದ್ದು ಮಾಡಿದರೂ ಇಳಿದು ಸುತ್ತಲೂ ನೋಡುವಾಕೆ. ಇಂಥವಳು ಹೆಂಗಸರಿಗೆ ಧೈರ್ಯ ಹೇಳುವ ಕೆಲಸ ಹಿಡಿದದ್ದು ಒಂದು ತಮಾಷೆಯೇ ಸರಿ. ಆದರೆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದಳು, ಅದನ್ನು ಆಕೆಯನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಸ್ವತಃ ಹೆದರುವವಳಿಗೆ ಬೇರೆಯವರ ಹೆದರಿಕೆ ಬೇಗ ಗುರುತು ಸಿಗುತ್ತದಲ್ಲ.

ಆಕೆ ಇದ್ದ ಸಂಸ್ಥೆ ಮೋರಟಗಿಯ ಸುತ್ತಮುತ್ತ ಕುರಿಗಾರರ ಮನೆಯ ಹೆಂಗಸರಿಗೆ ಹೆಣ್ಣು ಕುರಿ ಕೊಡುತ್ತಿತ್ತು, ಅದೂ ಹೆಂಗಸಿನ ಹೆಸರಿಗೇ. ತನ್ನದು ಅನ್ನುವಂಥದ್ದು ಒಂದಿದ್ದರೆ ಮನೆಯೊಳಗೆ ಆಕೆಯ ಮಾತಿಗೂ ಬೆಲೆ ಬರುತ್ತದೆ ಎಂಬುದು ಯೋಜನೆಯ ಆಸೆ. ಬೆಲೆ ಬಂತೋ ಇಲ್ಲವೋ ನೋಡಲು ದುಡ್ಡು ಕೊಡುವ ದಿಲ್ಲಿಯವರು ಬೇರೆಯಾಗಿಯೇ ಹಣ ತೆಗೆದಿಟ್ಟು, ಹೊರಗಿನ ತಂಡವೊಂದನ್ನು ಮೌಲ್ಯಮಾಪನಕ್ಕೆ ಕಳಿಸಿದ್ದರು. ಹೆಂಗಸರ ಮಾತು ನಿಜಕ್ಕೂ ನಡೆಯುತ್ತಿದೆ ಎಂದು ಕಂಡರೆ ಯೋಜನೆ ಇಂಡಿ ತಾಲ್ಲೂಕಿಗೂ ಹೋಗುತ್ತದೆ. ಇಲ್ಲವಾದರೆ ಮೋರಟಗಿಯಲ್ಲೇ ಬಾಗಿಲು ಹಾಕುತ್ತದೆ.

"ಕೇಳಾಕ ಇಷ್ಟು ಖರ್ಚು ಮಾಡೂದಕ್ಕಿಂತ ಇನ್ನೊಂದಿಷ್ಟು ಮನಿಗಿ ಕುರಿ ಕೊಟ್ಟಿದ್ರ ಆಗ್ತಿತ್ತಲ್ರಿ," ಎಂದು ಸುರೇಖಾ ತಂಡದ ರಾಜಶ್ರೀಯ ಮುಂದೆ ಗೊಣಗಿದ್ದಳು. ಇಂಡಿಯ ರಾಜಶ್ರೀ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ನೇರ.

"ಕುರಿ ಹೆಚ್ಚಾದ್ರ ಹೆಣ್ಮಕ್ಕಳ ಕೆಲಸ ಅಷ್ಟ ಹೆಚ್ಚಾತೋ, ಮಾತೂ ಹೆಚ್ಚಾತೋ, ಅದು ಕೇಳದ ಹೆಂಗ ಗೊತ್ತಾಗತೈತ್ರಿ ಅಕ್ಕಾರ? ಕಸ ಬಳಿಯೂದಷ್ಟ ಅವರ ಪಾಲಿಗೆ ಬಂದಿದ್ರ?"

ಆ ಮಾತು ಸುರೇಖಾಗೆ ಸರಿಯೆನಿಸಿತು. ಸರಿಯೆನಿಸಿದ್ದರಿಂದಲೇ ಹೆದರಿಕೆ ಇನ್ನೂ ಹೆಚ್ಚಾಯಿತು.

ಅದಕ್ಕೊಂದು ಕಾರಣವಿತ್ತು. ಹಿಂದೆ ಆಕೆ ಬಸವನ ಬಾಗೇವಾಡಿ ಕಡೆ ಹೊಲಿಗೆ ಕಲಿಸುವ ಇಂಥದೇ ಇನ್ನೊಂದು ಯೋಜನೆಯಲ್ಲಿದ್ದಳು. ಅಲ್ಲಿಗೂ ಕೇಳುವವರು ಬಂದರು. ಸಂಸಾರವನ್ನೆಲ್ಲ ಬೆರಳ ತುದಿಯಲ್ಲಿ ಆಡಿಸುತ್ತಿದ್ದ ಗಟ್ಟಿಗಿತ್ತಿಯರು, ಮನೆಯಲ್ಲಿ ಯಾರ ತೀರ್ಮಾನ ನಡೆಯುತ್ತದೆ ಎಂದು ಕೇಳಿದ ಕೂಡಲೇ ಸೆರಗು ಸರಿ ಮಾಡಿಕೊಂಡು, "ನಮ್ಮ ಮನಿಯವ್ರದರಿ" ಅಂದುಬಿಟ್ಟರು. ಪರವೂರಿನವರ ಮುಂದೆ ಗಂಡನ ಹೆಸರೂ ಹೇಳದವರು ಗಂಡನ ಮಾನ ತೆಗೆಯುತ್ತಾರೆಯೇ? ಅದು ಮರ್ಯಾದೆಯ ಮಾತು. ಅದು ಹಾಗೇ ದಾಖಲಾಯಿತು, ಯೋಜನೆ ಮುಚ್ಚಿತು, ಸುರೇಖಾ ಮನೆಗೆ ಬಂದಳು.

ಈ ಸಲ ಹಾಗಾಗಬಾರದೆಂದು ಆಕೆ ಒಂದು ವಾರ ಮೊದಲೇ ಮೋರಟಗಿಯ ಮನೆಮನೆ ಸುತ್ತಿದಳು. "ಕುರಿ ಮಾರೂದು ಯಾರು, ಮಕ್ಕಳಿಗಿ ಕಲಿಸೂದು ಯಾರು ಅಂತ ಏನ ಕೇಳಲಿ, 'ನಾನ' ಅನ್ರಿ. ನಾಚಬ್ಯಾಡ್ರಿ," ಎಂದು ಗಿಳಿಗೆ ಕಲಿಸಿದಂತೆ ಕಲಿಸಿದಳು. ಹೆಂಗಸರಿಗೆ ಇದು ಆಟವಾಯಿತು. ಹಾಲು ಯಾರು ಚೆಲ್ಲಿದ್ದೆಂದರೂ ನಾನ, ರಾತ್ರಿ ಗೊರಕೆ ಹೊಡೆಯೋದು ಯಾರೆಂದರೂ ನಾನ! ಎಲ್ಲರೂ ಬಿದ್ದು ಬಿದ್ದು ನಕ್ಕರು. ಸುರೇಖಾ ಮಾತ್ರ ನಗಲಿಲ್ಲ. ಶೇವಂತೆವ್ವನ ಮನೆಯಿಂದ ಹೊರಬಿದ್ದ ಮೇಲೆ ತಾನೇನು ಮಾಡಿದೆನೆಂಬುದು ಆಕೆಗೆ ಹೊಳೆಯಿತು.

ಶೇವಂತೆವ್ವನದು ಸುರೇಖಾಗೊಬ್ಬಳಿಗೇ ಗೊತ್ತಿದ್ದ ಗುಟ್ಟು. ಆಕೆಯ ಗಂಡ ಅಮೋಘಸಿದ್ಧ ಸುಗ್ಗಿ ಮುಗಿದ ಮೇಲೆ ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗುವವನು. ರೈತರ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸಿ, ಮಳೆಗಾಲಕ್ಕೆ ಊರಿಗೆ ಮರಳುವವನು. ಸಂಸ್ಥೆ ಕೊಟ್ಟ ಕುರಿ, ಎಳೆಯ ಮರಿಗಳು ಮನೆಯಲ್ಲಿ ಶೇವಂತೆವ್ವನ ಕೈಯಲ್ಲಿ. ಕುರಿಗಾರರು ಟಗರು ಮಾರುತ್ತಾರೆಯೇ ಹೊರತು ಮರಿ ಹಾಕುವ ಹೆಣ್ಣು ಕುರಿ ಮಾರುವುದಿಲ್ಲ. ಅದನ್ನು ಮಾರಿದ ಮನೆ ಮುಗಿದ ಮನೆ ಎಂದೇ ನಾಲ್ಕು ಜನ ಆಡಿಕೊಳ್ಳುತ್ತಾರೆ. ಅಂಥದ್ದರಲ್ಲಿ ಮಗಳು ರೇಣುಕಾಳನ್ನು ಮುದ್ದೇಬಿಹಾಳದ ಕಾಲೇಜಿಗೆ ಹಚ್ಚಲು ಶೇವಂತೆವ್ವ ತನಗೆ ಕೊಟ್ಟ ಹೆಣ್ಣು ಕುರಿಗಳಲ್ಲಿ ಎರಡನ್ನು ಸದ್ದಿಲ್ಲದೆ ಮಾರಿದ್ದಳು. ಗಂಡನಿಗೆ, "ತೋಳ ಬಂದು ಒಯ್ತು" ಎಂದಿದ್ದಳು. ಕಾಲೇಜಿನ ಖರ್ಚು ಸರ್ಕಾರವೇ ಕೊಡುತ್ತದೆ ಎಂದೂ ಹೇಳಿದ್ದಳು. ಮಗಳನ್ನು ಅವಳ ಸೋದರಮಾವನ ಮಗನಿಗೆ ಕೊಟ್ಟು ಮದುವೆ ಮುಗಿಸೋಣ ಎನ್ನುತ್ತಿದ್ದ ಅಮೋಘಸಿದ್ಧ, ಕೈಯಿಂದ ಏನೂ ಹೋಗುವುದಿಲ್ಲವಲ್ಲ ಎಂದು ಸುಮ್ಮನಾಗಿದ್ದ.

ಈಗ ಗುಟ್ಟು ಹೊರಬಿದ್ದರೆ ಹುಡುಗಿಯ ಕಾಲೇಜು ನಿಲ್ಲುತ್ತದೆ. ಸುರೇಖಾ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು: ಅಮೋಘಸಿದ್ಧ ಊರಲ್ಲಿಲ್ಲ, ರಾಜಶ್ರೀ ಯಾರ ಗುಟ್ಟನ್ನೂ ಯಾರಿಗೂ ಹೇಳುವುದಿಲ್ಲ.

ಮೌಲ್ಯಮಾಪನದ ದಿನ ಶೇವಂತೆವ್ವನ ಮನೆಯ ಮುಂದೆ ಸ್ಕೂಟಿ ನಿಲ್ಲಿಸಿದರೆ, ಕಟ್ಟೆಯ ಮೇಲೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಅಮೋಘಸಿದ್ಧ ಕೂತಿದ್ದಾನೆ!

"ಮುಳ್ಳು ನೆಟ್ಟು ಕಾಲು ಬಾತೈತ್ರಿ. ಹಿಂಡು ತಮ್ಮನ ಕೈಯಾಗ ಕೊಟ್ಟು ನಿನ್ನೆ ಸಂಜಿಗಿ ಬಂದೇನಿ," ಎಂದ, ಉಣ್ಣೆ ನೂಲುತ್ತ.

ರಾಜಶ್ರೀಯ ನಿಯಮ ಖಡಕ್. ಹೆಂಗಸು ಒಬ್ಬಳೇ ಒಳಗೆ; ಮನೆಯವರೂ ಸಂಸ್ಥೆಯವರೂ ಹೊರಗೆ. "ಅಕ್ಕಾರ, ನೀವು ಇಲ್ಲೇ ಕುಂದರ್ರಿ. ಒಳಗ ಬಂದ್ರ ಈ ಮನಿ ಉತ್ತರ ಲೆಕ್ಕಕ್ಕ ಬರೂದಿಲ್ಲ." ಹಾಗೆ ಹೇಳಿ ಬಾಗಿಲು ಮುಂದೆ ಮಾಡಿಕೊಂಡಳು. ಆದರೆ ಕಟ್ಟೆಯ ತಲೆಯ ಮೇಲೇ ಕಿಟಕಿ. ಅದಕ್ಕೆ ಬಾಗಿಲೇ ಇಲ್ಲ. ಒಳಗಿನ ಒಂದೊಂದು ಮಾತೂ ಹೊರಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಣ್ಣಾರ, ಮರಿ ನೋಡೂಣ ಬರ್ರಿ ಹಿತ್ತಲಕಡೆ," ಎಂದಳು ಸುರೇಖಾ.

"ಕಾಲ ಎತ್ತಾಕ ಬರವಲ್ದು ಅಂತ ಹೇಳೇನಿ."

"ಬಿಸಲ ಬಾಳ ಐತ್ರಿ ಇಲ್ಲಿ."

"ನೆರಳಾಗ ಕುಂತೇವಲ್ರಿ," ಎಂದು ಆತ ಆಕೆಯ ಮುಖ ನೋಡಿದ. ಸುರೇಖಾ ಸುಮ್ಮಸುಮ್ಮನೆ ಕೆಮ್ಮಿದಳು, ಜೋರಾಗಿ ಮಳೆಯ ಮಾತು ತೆಗೆದಳು. ಆತ ಹೂಂ ಅನ್ನುತ್ತಲೇ ಕಿವಿಯನ್ನು ಕಿಟಕಿಯ ಕಡೆಗೇ ಇಟ್ಟಿದ್ದ. ಹೆಂಡತಿಯನ್ನು ಯಾರೋ ಕೂರಿಸಿಕೊಂಡು ಇಷ್ಟು ಮರ್ಯಾದೆಯಿಂದ ಮಾತು ಕೇಳುವುದನ್ನು ಆತ ಅಲ್ಲಿಯವರೆಗೆ ಕಂಡಿರಲಿಲ್ಲ.

ಒಳಗೆ ಸಂತೆಯ ಮಾತು ಮುಗಿಯಿತು, ದವಾಖಾನೆಯದು ಮುಗಿಯಿತು. ಶೇವಂತೆವ್ವ ಕೆಲವಕ್ಕೆ ಕಲಿಸಿದ ಹಾಗೆ "ನಾನ" ಎಂದಳು, ಕೆಲವಕ್ಕೆ ತಡೆದು ಯೋಚಿಸಿದಳು. ಆಮೇಲೆ ರಾಜಶ್ರೀಯ ದನಿ: "ನಿಮಗ ಕೊಟ್ಟ ಹೆಣ್ಣು ಕುರಿಯೊಳಗ ಎರಡು ಕಾಣವಲ್ವು. ಏನಾದ್ವು, ಅವ್ವಾರ?"

ಸುರೇಖಾ ಕಿಟಕಿಯ ಕಡೆ ತಿರುಗಿದಳು. 'ನಾನ' ಅಂದರೆ ಹುಡುಗಿ ಹೋದಳು. 'ತೋಳ' ಅಂದರೆ ಹೆಂಗಸಿನ ತೀರ್ಮಾನ ಲೆಕ್ಕಕ್ಕೆ ಬಾರದೆ ಯೋಜನೆ ಹೋಯಿತು. ಹೋದರೆ ಹೋಗಲಿ, ಹುಡುಗಿಯಾದರೂ ಉಳಿಯಲಿ! ಆಕೆ ಎದ್ದವಳೇ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

"ನಿಲ್ಲಸ್ರಿ! ಈ ಊರಾಗ ಎಲ್ಲಾರಿಗೂ ನಾನ ಉತ್ತರ ಕಲಿಸೇನಿ. ಒಂದೂ ಖರೇ ಅಲ್ಲ. ಶೇವಂತಕ್ಕ, ನೀವು ಏನೂ ಹೇಳಬ್ಯಾಡ್ರಿ."

ರಾಜಶ್ರೀ ಟ್ಯಾಬನ್ನು ತೊಡೆಯ ಮೇಲೆ ಮಗುಚಿಟ್ಟಳು. ಮಾತಾಡಿದ್ದು ಮಾತ್ರ ಶೇವಂತೆವ್ವ. ಯಾವಾಗಲೂ 'ಅಕ್ಕಾರ' ಎಂದು ರೀ ಹಚ್ಚಿ ಮಾತಾಡುತ್ತಿದ್ದ ಹೆಂಗಸು ಏಕವಚನಕ್ಕೇ ಇಳಿದಳು.

"ಹೋದ ವಾರ 'ಹಿಂಗ ಹೇಳು' ಅಂದಿ. ಇವತ್ತ 'ಹೇಳಬ್ಯಾಡ' ಅಂತಿ. ನನ್ನ ಮಾತು ನಾ ಯಾವಾಗ ಆಡ್ಲಿ? ಇಷ್ಟು ವರ್ಷ ಮನಿಯವ್ರಿಗಿ ಹೆದರೇನಿ. ಇನ್ನ ಮ್ಯಾಲ ನಿನಗೂ ಹೆದರಬೇಕೇನ?"

ಬೇರೆ ಯಾರು ಬೈದಿದ್ದರೂ ಸುರೇಖಾಗೆ ಅಷ್ಟು ನೋಯುತ್ತಿರಲಿಲ್ಲ.

ಶೇವಂತೆವ್ವ ಹೊಸ್ತಿಲವರೆಗೆ ಬಂದು, ಗಂಡನ ಮುಖ ನೋಡದೆ, ಆದರೆ ದನಿ ನಡುಗಿಸದೆ ಹೇಳಿದಳು: "ಆ ಎರಡೂ ತೋಳ ಒಯ್ದಿಲ್ಲ. ನಾ ಮಾರೇನಿ. ರೇಣುಕಾನ ಕಾಲೇಜಿಗಿ."

ನೂಲುತ್ತಿದ್ದ ಕೈ ನಿಂತಿತು. "ತೋಳ ಬಂದಿಲ್ಲಾ?"

"ಇಲ್ಲ."

"ಮತ್ತ ನನ್ನ ನಾಯಿ?" ಆತನ ದನಿ ಏರಿತು. "ನೀನು, ನಮ್ಮವ್ವ ಇಬ್ಬರ ಇರ್ತೀರಿ, ತೋಳ ರುಚಿ ಕಂಡೈತಿ, ಮತ್ತ ಬರತೈತಿ ಅಂತ ನಾಯಿ ಮನ್ಯಾಗ ಬಿಟ್ಟು ಹೋದೆ. ನಾಯಿ ಇಲ್ಲದ ಅಡವ್ಯಾಗ ಹಿಂಡು ಕಾಯ್ದೇನಿ ನಾನು! ಕಣ್ಣು ಮುಚ್ಚಿದ್ರ ನಿಮ್ಮ ಚಿಂತಿ, ತೆರದ್ರ ಕುರಿ ಚಿಂತಿ. ಬರದಿರೂ ತೋಳಕ್ಕ ಹೆದರಿ ಹೆದರಿ ಸತ್ತೇನಿ."

ಶೇವಂತೆವ್ವನ ಕಣ್ಣಲ್ಲಿ ನೀರು ಬಂತು. ಗಂಡ ಸಿಟ್ಟಾಗುತ್ತಾನೆ, ಹೊಡೆದರೂ ಹೊಡೆದಾನು ಎಂದೆಲ್ಲ ಆಕೆ ಎಣಿಸಿದ್ದಳು. ಆತ ತಮಗಾಗಿ ಹೆದರಿಕೊಂಡು ಅಡವಿಯಲ್ಲಿ ಕೂತಿದ್ದನೆಂಬುದು ಆಕೆಗೂ ಗೊತ್ತಿರಲಿಲ್ಲ. "ಕೇಳಿದ್ರ ನೀವು ಹೂಂ ಅಂತಿದ್ದಿಲ್ಲ," ಎಂದಷ್ಟೇ ಹೇಳಿದಳು.

"ಅಂತಿದ್ದಿಲ್ಲ," ಎಂದು ಆತನೂ ಒಪ್ಪಿದ. ಸುಳ್ಳು ಹೇಳುವ ಮನುಷ್ಯನಲ್ಲ. ಗೋಡೆ ಹಿಡಿದು ಎದ್ದು ತಲೆಗೆ ಪಟಕಾ ಸುತ್ತಿಕೊಂಡ. "ಮುದ್ದೇಬಿಹಾಳಕ್ಕ ಹೋಗಿ ಬರ್ತೇನಿ."

"ಹುಡುಗೀನ ಕರಕೊಂಡ ಬರಾಕೇನ್ರಿ?" ಸುರೇಖಾ ತಡೆಯಲಾರದೆ ಕೇಳಿದಳು.

"ನೋಡಿ ಬರಾಕ. ಆಮ್ಯಾಲ ಮಾತು." ಕುಂಟುತ್ತ ಹೊರಟೇಬಿಟ್ಟ. ಶೇವಂತೆವ್ವ ಒಳಗೆ ಓಡಿ ಸೀರೆ ಬದಲಿಸಿ, "ನಾನೂ ಬರ್ತೇನಿ, ತಡೀರಿ," ಎಂದು ಬೆನ್ನು ಹತ್ತಿದಳು. ಆತ ತಿರುಗಿ ನೋಡಲಿಲ್ಲ. ಆದರೆ ಹುಣಸೆ ಮರದ ಹತ್ತಿರ ನಿಂತ.

ಇಬ್ಬರೂ ಸಿಂದಗಿ ಬಸ್ಸು ಹತ್ತಿದ ಮೇಲೆ ರಾಜಶ್ರೀ ಬಾಯಿ ಬಿಟ್ಟಳು. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಮೋರಟಗಿ ಉತ್ತರ ಎಲ್ಲಾ ಬಿಡಬೇಕಾಗತೈತ್ರಿ. ಬ್ಯಾರೆಯವರು ಬಂದು ಮತ್ತ ಕೇಳ್ತಾರ. ಯಾಕ ಅಂತ ವರದಿಯೊಳಗ ಬರೀಬೇಕಾಗತೈತಿ, ನಿಮ್ಮ ಹೆಸರೂ."

"ಬರೀರಿ," ಎಂದಳು ಸುರೇಖಾ. ನೌಕರಿ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ಇನ್ನೂ ಆಕೆಯ ಹತ್ತಿರ ಸುಳಿದಿರಲಿಲ್ಲ. ಶೇವಂತೆವ್ವನ ಮಾತೇ ಎದೆಯಲ್ಲಿ ಕೂತಿತ್ತು.

ಸ್ಕೂಟಿ ಚಾಲೂ ಮಾಡುವಷ್ಟರಲ್ಲಿ ಫೋನ್ ಬಂತು. ರೇಣುಕಾ. ಅವ್ವ ಬಸ್ಸಿನಿಂದಲೇ ತಿಳಿಸಿದ್ದಳು. ಹುಡುಗಿ ಅಳುವುದೊಂದು ಬಾಕಿ.

"ಅಕ್ಕಾರ, ಅಪ್ಪ ಬರಾಕತ್ತಾನಂತ. ಎಲ್ಲಾ ಗೊತ್ತಾಗೇತಂತ. ನಾ ಏನ್ ಹೇಳ್ಲಿರಿ? ಹೇಳಿಕೊಡ್ರಿ."

ಉತ್ತರ ಸುರೇಖಾಳ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಮೊದಲು ಕಾಲಿಗೆ ಬೀಳು, ಪುಸ್ತಕ ತೋರಿಸು, ಇನ್ನೊಂದೇ ವರ್ಷ ಅನ್ನು. ಒಂದರ ಹಿಂದೊಂದು ಮಾತುಗಳು ಸಾಲು ಹಚ್ಚಿ ನಿಂತಿದ್ದವು. ಅದರಿಂದ ಹುಡುಗಿಗೆ ಒಳ್ಳೆಯದೂ ಆಗಬಹುದಿತ್ತೇನೋ.

"ನಾ ಏನೂ ಹೇಳಿಕೊಡೂದಿಲ್ಲವ್ವ," ಎಂದಳು ಕಷ್ಟಪಟ್ಟು. "ನಿನ್ನ ಮನಸಿನಾಗ ಏನೈತಿ, ಅದನ್ನ ಹೇಳು."

ಆ ಕಡೆ ಫೋನ್ ಇಟ್ಟ ಸದ್ದಾಯಿತು. ಅವರು ಮುದ್ದೇಬಿಹಾಳ ಮುಟ್ಟುವುದು ಸಂಜೆಯಾಗುತ್ತದೆ. ಸುರೇಖಾ ಸ್ಕೂಟಿ ಬಂದ್ ಮಾಡಿ, ಅದೇ ಕಟ್ಟೆಯ ಮೇಲೆ ಫೋನ್ ಕೈಯಲ್ಲಿ ಹಿಡಿದುಕೊಂಡು ಕೂತಳು.