ಮುತ್ಯಾನ ಕೂಗಿಗೆ ನಾನು ಓಗೊಡಲಿಲ್ಲ

ಎಳ್ಳಮಾವಾಸ್ಯೆಯ ಕಾಳು-ಪಲ್ಯದ ಭಜ್ಜಿಯ ವಾಸನೆ ಮೂಗಿಗೆ ಬಡಿಯಿತು ನೋಡಿ, ನೆನಪಿನ ಪರದೆ ಸರ್ರನೆ ಸರಿದು ಕಮಲಾಪುರದ ಇದೇ ಹೊಲದಲ್ಲಿ ನನ್ನ ಮುತ್ಯಾ ಬಂದು ನಿಂತ!

ಅಂದು ಚರಗ ಚೆಲ್ಲುವ ದಿನ. ಮುತ್ಯಾ ಭೂತಾಯಿಗೆ ಭಜ್ಜಿ, ಕಡುಬು ಚೆಲ್ಲುತ್ತ ಮುಂದೆ ಕೂಗಬೇಕು; ನಾನು ತಂಬಿಗೆಯ ನೀರು ಚಿಮುಕಿಸುತ್ತ ಹಿಂದಿನಿಂದ ಓಗೊಡಬೇಕು. ಊರ ನಾಟಕದಲ್ಲಿ ಗುಡುಗಿದ ಹುಡುಗನಲ್ಲವೇ ನಾನು! "ನನ್ನ ಮೊಮ್ಮಗನ ದನಿ ಕಲಬುರ್ಗಿ ತನಕ ಮುಟ್ತದ, ಕೇಳ್ರಿ ಇವತ್ತ" ಎಂದು ಮುತ್ಯಾ ಸುತ್ತಲಿನ ಹೊಲದವರಿಗೆಲ್ಲ ಸಾರಿದ್ದ.

ಮುತ್ಯಾ ಕೂಗಿದ. ನಾನೋ, ಕಾಕಾ ಶಹರದಿಂದ ತಂದಿದ್ದ ಮೊಬೈಲಿನ ಹಾವಿನ ಆಟದಲ್ಲಿ ಮುಳುಗಿ ಬದುವಿನ ಮೇಲೆಯೇ ಕುಳಿತಿದ್ದೆ. ಮತ್ತೆ ಕೂಗಿದ. ತೊಗರಿಯ ಆಚೆಯಿಂದ ಯಾರೋ ನಕ್ಕರು: "ಏ ಮುತ್ಯಾ, ನಿನ್ನ ನಾಟಕದ ರಾಜಾ ಎಲ್ಲಿ ಹೋಗ್ಯಾನ?"

"ಅವಂದು ಗಂಟಲ ಕಟ್ಟ್ಯಾದಪ್ಪ" ಎಂದ ಮುತ್ಯಾ. ನನ್ನ ಮಾನ ಕಾಯಲು ಭೂತಾಯಿಯ ಎದುರೇ ಸುಳ್ಳು ಹೇಳಿದ! ಆಮೇಲೆ ಬಂದು, ಬೈಯದೆ ತಂಬಿಗೆ ಎತ್ತಿಕೊಂಡ. ಇಡೀ ಹೊಲ ಸುತ್ತಿದ. ತಾನೇ ಕೂಗಿದ, ತಾನೇ ಓಗೊಟ್ಟ. ನಾನು ತಲೆ ಎತ್ತಿದಾಗ ಚರಗ ಮುಗಿದಿತ್ತು.

ಈಗ ಅದೇ ಬದುವಿನ ಮೇಲೆ ಕುಳಿತು ಇದನ್ನೂ ಮೊಬೈಲಿನಲ್ಲೇ ಬರೆಯುತ್ತಿದ್ದೇನೆ. ತಂಬಿಗೆ ಹಿಡಿದ ಮಗಳು ಮೂರನೆಯ ಸಲ ಕರೆಯುತ್ತಿದ್ದಾಳೆ: "ಅಪ್ಪಾ, ಅದನ್ನ ಇಡು, ಕೂಗು ಬಾ!"