ಅಲೆ ಅಲ್ಲಾಡಬಹುದು, ಅಮ್ಮಿ ಅಲ್ಲಾಡಬಾರದು

ಮೂರು ತಿಂಗಳು ಇದ್ದು ಬರುತ್ತೇನೆಂದು ಹಾಸನದಿಂದ ಹೊರಟು, ಸೂಟ್‌ಕೇಸಿನ ತುಂಬ ಮೆಣಸಿನಪುಡಿ ಹೊತ್ತುಕೊಂಡು ನೆದರ್‌ಲ್ಯಾಂಡ್ಸಿನ ಬಾಡ್‌ಹೂವೆಡಾರ್ಪಿನಲ್ಲಿರುವ ಮಗಳ ಮನೆಗೆ ಬಂದಿಳಿದೆ. ಕೆಲವೇ ದಿನಕ್ಕೆ ಕೊರೋನಾ ಎಂದರು, ವಿಮಾನಗಳು ನಿಂತವು. ಆ ಊರು ಏರ್‌ಪೋರ್ಟಿನ ಪಕ್ಕದಲ್ಲೇ ಇದೆ. ಮೊದಮೊದಲು ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಚಹದ ಲೋಟ ನಡುಗುತ್ತಿತ್ತು. ಆಮೇಲೆ ಆಕಾಶ ಎಷ್ಟು ಸುಮ್ಮನಾಯಿತೆಂದರೆ, ಅಳಿಯ ಮೆಟ್ಟಿಲ ಕೆಳಗೆ ನಿಂತು ಕದ್ದು ಚಿಪ್ಸ್ ತಿನ್ನುವುದೂ ನನಗೆ ಕೇಳಿಸುತ್ತಿತ್ತು.

ಆ ದಿನಗಳಲ್ಲೇ ನಾನು ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿತೆ. ಫೋನಿಗೆ ಕನ್ನಡದ ಕೀಬೋರ್ಡ್ ಹಾಕಿ ಕಲಿಸಿದ್ದು ಮೊಮ್ಮಗಳು. ಅವಳಿಗೆ ಕನ್ನಡ ಓದಲು ಬಾರದು, ಆದ್ದರಿಂದ ನಾನು ನನ್ನ ತಂಗಿಗೆ ಏನೆಲ್ಲ ಚಾಡಿ ಬರೆಯುತ್ತೇನೆಂಬುದು ಅವಳಿಗೆ ತಿಳಿಯುತ್ತಿರಲಿಲ್ಲ.

ಮಗಳ ಆಫೀಸು ಊಟದ ಟೇಬಲ್ಲಿಗೆ ಬಂದು ಕೂತಿತ್ತು. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಅವಳು ಕ್ಯಾಮೆರಾ ಎತ್ತಿಕೊಂಡು ಕಾರಿನಲ್ಲಿ ಸಮುದ್ರಕ್ಕೆ ಹೊರಡುತ್ತಿದ್ದಳು. ಮಾಸ್ಕ್ ತೆಗೆದು ಉಸಿರಾಡಬಹುದಾದ ಜಾಗ ಅದೊಂದೇ ಎಂದು ನಾನೂ ಜೊತೆಗೆ ಹೊರಟುಬಿಡುತ್ತಿದ್ದೆ. ಅವಳ ಫೋಟೋ ಬೇರೆಯವರ ಹಾಗೆ ಕ್ಲಿಕ್ ಎಂದು ಮುಗಿಯುವುದಲ್ಲ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಲೆನ್ಸಿನ ಮುಂದೆ ಕಪ್ಪು ಗಾಜು ಸಿಕ್ಕಿಸಿ, ಕ್ಯಾಮೆರಾದ ಕಣ್ಣನ್ನು ನಿಮಿಷದ ಮೇಲೆ ತೆರೆದೇ ಇಡುತ್ತಾಳೆ. ಅಷ್ಟು ಹೊತ್ತಿನಲ್ಲಿ ಬಂದು ಹೋದ ಅಲೆಗಳೆಲ್ಲ ಸೇರಿ ಫೋಟೋದಲ್ಲಿ ಮಂಜಿನ ಹಾಗೆ ಮಲಗಿಬಿಡುತ್ತವೆ. ಅಲ್ಲಾಡುವುದೆಲ್ಲ ಅಳಿಸಿಹೋಗುತ್ತದೆ, ಅಲ್ಲಾಡದೆ ಇದ್ದದ್ದು ಮಾತ್ರ ಉಳಿಯುತ್ತದೆ. ಮೊದಲ ದಿನ ನಾನು ಕಪ್ಪೆಚಿಪ್ಪು ಆರಿಸುತ್ತ ಕ್ಯಾಮೆರಾದ ಮುಂದೆಯೇ ಓಡಾಡಿದ್ದೆ. ಫೋಟೋದಲ್ಲಿ ನಾನು ಇರಲೇ ಇಲ್ಲ. ನಾನು ಬದುಕಿದ್ದೇನೆಯೋ ಇಲ್ಲವೋ ಒಮ್ಮೆ ಚಿವುಟಿ ನೋಡು ಎಂದು ಮಗಳಿಗೆ ಹೇಳಿದೆ.

ಚಳಿ ಶುರುವಾಗುವ ಹೊತ್ತಿಗೆ ವಿಮಾನಗಳು ಒಂದೊಂದಾಗಿ ಹಾರತೊಡಗಿ, ನನಗೂ ಒಂದು ಸೀಟು ಸಿಕ್ಕಿತು. ಅವತ್ತು ಅಕ್ಕಿ ತೊಳೆಯುತ್ತಿದ್ದ ಮಗಳು ನನ್ನ ಕಡೆ ನೋಡದೆಯೇ, ಹೋಗುವುದರೊಳಗೆ ಸಮುದ್ರದ ಮುಂದೆ ನಿಮ್ಮದೊಂದು ಫೋಟೋ ಬೇಕು ಎಂದಳು. ಹಿಂದೆ ಅಲೆಯೆಲ್ಲ ಮಂಜಾಗಬೇಕು, ನಾನು ಮಾತ್ರ ಸ್ಪಷ್ಟವಾಗಿ ಕಾಣಬೇಕು. ಯಾಕೆಂದು ನನಗೆ ಗೊತ್ತಿತ್ತು. ಅವಳ ಅಬ್ಬಾ ತೀರಿಹೋದಾಗ ದೊಡ್ಡದು ಮಾಡಿಸಲು ನಮಗೆ ಸಿಕ್ಕಿದ್ದು ರೇಷನ್ ಕಾರ್ಡಿನ ಫೋಟೋ ಒಂದೇ. ಇವಳು ನೆದರ್‌ಲ್ಯಾಂಡ್ಸಿನಿಂದ ಹೊರಟು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆದರೆ ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಮಡಚುವ ಕುರ್ಚಿಯ ಮೇಲೆ ಕೂರಿಸಿದರೆ ಮೂಗು ತುರಿಸುತ್ತದೆ. ಯಾರದೋ ಕೈಯಿಂದ ಹಕ್ಕಿಯೊಂದು ಫ್ರೈಸ್ ಕಿತ್ತುಕೊಂಡು ಹೋದಾಗ ನಕ್ಕೆ, ಒಂದು ಫೋಟೋ ಹಾಳಾಯಿತು. ಮತ್ತೊಂದು ಸಲ ತಂಗಿಯ ಮೆಸೇಜ್ ಬಂತು. ದುಪಟ್ಟಾದ ಮರೆಯಲ್ಲೇ ಉತ್ತರ ಕುಟ್ಟಿದೆ. ಫೋನಿನ ಬೆಳಕಿಗೆ ಫೋಟೋದಲ್ಲಿ ನಾನು ಹೊಟ್ಟೆಯೊಳಗೆ ಟ್ಯೂಬ್‌ಲೈಟ್ ನುಂಗಿದ ಹೊಗೆಯ ಹಾಗೆ ಬಂದಿದ್ದೆ.

"ಅಮ್ಮಿ, ಅಲೆ ಅಲ್ಲಾಡ್ಲಿ, ನೀವು ಅಲ್ಲಾಡ್ಬೇಡಿ."

"ಹುಟ್ಟಿದಾಗಿಂದ ಅಲ್ಲಾಡ್ತಾನೇ ಇದೀನಿ ಕಣೇ. ಈಗ ಇದ್ದಕ್ಕಿದ್ದಂಗೆ ಬ್ರೇಕ್ ಹಾಕಿ ಅಂದ್ರೆ?"

ಅವಳು ಕಪ್ಪು ಗಾಜನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು.

ಇದರ ಜೊತೆಗೆ ಇನ್ನೊಂದು ತೊಡಕಿತ್ತು. ಅವಳಿಗೆ ಬೇಕಾದ ಬೆಳಕು ಬರುವುದು ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು. ನನ್ನ ಮಗ್ರಿಬ್ ನಮಾಜಿನ ಹೊತ್ತೂ ಅದೇ. ನಾನು ಕಾರಿನವರೆಗೆ ಹೋಗಿ, ಹಿಂದಿನ ಸೀಟಿನಲ್ಲೇ ನಮಾಜು ಮುಗಿಸಿ ಬರುವಷ್ಟರಲ್ಲಿ ಸಮುದ್ರ ಕಪ್ಪಾಗಿರುತ್ತಿತ್ತು.

ಹೊರಡುವ ವಾರ ಪೂರ್ತಿ ಮಳೆ. ಬಿಡುವು ಕೊಟ್ಟ ಒಂದೇ ಒಂದು ಸಂಜೆ ಹೋದೆವು. ಸೂರ್ಯ ಮುಳುಗಿದ. ಮಗಳು ಕಾರಿನ ಕೀ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ.

"ಜಾನಮಾಜ್ ಇಲ್ಲೇ ಹಾಸು. ಕೊನೇಲಿ ಕೂರ್ತೀನಲ್ಲ, ಆಗ ತೆಗಿ. ಆಗ ನಾನು ಅಲ್ಲಾಡಲ್ಲ."

ಅವಳು ಕೀ ಜೇಬಿಗೆ ಹಾಕಿಕೊಂಡು, ಚಾಪೆ ತಂದು ಹಾಸಿದಳು. ನಮಾಜಿನ ಚಾಪೆ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ನಮ್ಮ ಶೂಗಳನ್ನಿಟ್ಟೆವು. ಆ ದೇಶದಿಂದ ಮಕ್ಕಾ ಇರುವುದು ಸಮುದ್ರಕ್ಕೆ ಬೆನ್ನು ಹಾಕಿದ ದಿಕ್ಕಿನಲ್ಲಿ. ಹಾಗಾಗಿ ಅಲೆ ನನ್ನ ಹಿಂದೆ ಬಂತು, ಮುಖ ದಡದ ಕಡೆ ತಿರುಗಿತು. ನಮಾಜು ಮಾಡುವಾಗ ನೇರ ಎದುರಿಗೆ ಬೇಡ ಎಂದಿದ್ದಕ್ಕೆ ಅವಳು ಕ್ಯಾಮೆರಾವನ್ನು ಸ್ವಲ್ಪ ಪಕ್ಕಕ್ಕೆ ಇಟ್ಟಳು. ಆಮೇಲೆ ತಡೆದು ಕೇಳಿದಳು, ಕೊನೆಯಲ್ಲಿ ಕೂರುವುದು ಎಷ್ಟು ಹೊತ್ತು ಎಂದು. ಗಡಿಯಾರ ಇಟ್ಟುಕೊಂಡು ಯಾರು ನಮಾಜು ಮಾಡುತ್ತಾರೆ? ಮುಗಿಸುವಾಗ ಬಲಕ್ಕೊಮ್ಮೆ ಎಡಕ್ಕೊಮ್ಮೆ ಮುಖ ತಿರುಗಿಸಿ ಸಲಾಮ್ ಹೇಳಬೇಕು. ಆಗ ಕ್ಯಾಮೆರಾದ ಕಣ್ಣು ತೆರೆದಿದ್ದರೆ ಮುಖವೆಲ್ಲ ಕಲಸಿಹೋಗುತ್ತದೆ. ಇನ್ನೇನು ತಿರುಗುತ್ತೇನೆ ಎಂದು ನಾನು ನಡುವೆ ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಅವಳು ನಮಾಜು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದರ ಬಗ್ಗೆ ನಾನು ಕೇಳಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಂದ ವಾರವೇ ಕೇಳಿ ಬೈಸಿಕೊಂಡಿದ್ದೆ.

"ನೀವು ಶುರು ಮಾಡಿ, ನಾನು ನೋಡ್ಕೋತೀನಿ" ಎಂದಳು.

ನಿಂತೆ, ಬಗ್ಗಿದೆ, ನೆಲಕ್ಕೆ ಹಣೆ ಹಚ್ಚಿದೆ. ಚಾಪೆಯ ಕೆಳಗೆ ಮರಳು ತಣ್ಣಗಿತ್ತು. ಕೊನೆಗೆ ಮಂಡಿ ಮಡಚಿ ಕೂತಾಗ ಗಾಳಿಯ ನಡುವೆ ಕ್ಲಿಕ್ ಎಂದು ಸಣ್ಣ ಸದ್ದಾಯಿತು. ಕಣ್ಣು ತೆರೆಯಿತು ಎಂದುಕೊಂಡೆ. ಫೋಟೋಕ್ಕಾಗಿ ಓದುವುದನ್ನು ಎಳೆಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ಓದುತ್ತ ಓದುತ್ತ ದೇವರೊಬ್ಬನೇ ಎಂದು ಸಾಕ್ಷಿ ನುಡಿಯುವ ಜಾಗ ಬಂದಾಗ ಬಲಗೈಯ ತೋರುಬೆರಳು ಎಂದಿನಂತೆ ತಾನಾಗಿ ಎದ್ದು ಇಳಿಯಿತು. ಮುಂದಿನದನ್ನೂ ಓದಿ ಮುಗಿಸಿ, ಮುಖ ತಿರುಗಿಸಲೆಂದು ಉಸಿರು ತೆಗೆದುಕೊಂಡೆ. ಆಗಲೇ ಇನ್ನೊಂದು ಕ್ಲಿಕ್ ಕೇಳಿಸಿತು. ಆಮೇಲೆ ಬಲಕ್ಕೆ ತಿರುಗಿದೆ, ಎಡಕ್ಕೆ ತಿರುಗಿದೆ.

ಫೋಟೋ ತೆಗೆಯಲು ಹಿಡಿದಷ್ಟೇ ಹೊತ್ತು ಅದನ್ನು ತೋರಿಸಲಿಕ್ಕೂ ಆ ಕ್ಯಾಮೆರಾಕ್ಕೆ ಬೇಕು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಕಾದೆವು. ಆಮೇಲೆ ಕಂಡೆ. ಹಿಂದೆ ಸಮುದ್ರವೆಲ್ಲ ಹಿಂಜಿದ ಹತ್ತಿ. ಮುಂದೆ ನಾನು, ಕೆನ್ನೆಯ ಸುಕ್ಕೂ ಬಿಡದೆ ಇಡಿಯಾಗಿ. ದುಪಟ್ಟಾದ ಅಂಚು, ಆ ಒಂದು ಬೆರಳು, ಇವೆರಡು ಮಾತ್ರ ಮಸುಕಾಗಿದ್ದವು.

"ಮುಗೀತು ಅಂತ ಹೆಂಗೆ ಗೊತ್ತಾಯ್ತೇ ನಿಂಗೆ?"

"ಬೆರಳು ಎತ್ತಿದ್ರಲ್ಲ, ಅಲ್ಲಿಂದ ನಾನೂ ಜೊತೇಲಿ ಹೇಳ್ಕೊಂಡೆ." ಸ್ಟ್ಯಾಂಡಿನ ಕಾಲು ಮಡಚುತ್ತ, ತಲೆ ಎತ್ತದೆ, "ನೀವು ಕಲ್ಸಿದ್ದ ಸ್ಪೀಡಲ್ಲೇ" ಎಂದಳು.

ನಾನು ಚಾಪೆ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡೆ. ಶೂಗಳ ಮರಳು ಕೊಡವಿದೆ.

ಈಗ ಹಾಸನದಲ್ಲಿದ್ದೇನೆ. ಅದೇ ಬೆರಳಿನಿಂದ ಇದನ್ನು ಕುಟ್ಟುತ್ತಿದ್ದೇನೆ. ನಿನ್ನೆ ಸಂಜೆ ಮಗಳ ಮೆಸೇಜ್ ಬಂದಿತ್ತು: "ಅಮ್ಮಿ, ಬೆರಳು ಮಸುಕು ಬಂದಿದೆ, ಇನ್ನೊಂದ್ಸಲ ತೆಗೀಬೇಕು. ನಿಮ್ಗೆ ಟಿಕೆಟ್ ನೋಡ್ತಿದೀನಿ."

ಬೆರಳು ಯಾವತ್ತೂ ಮಸುಕಾಗಿಯೇ ಬರುತ್ತದೆ, ಅದು ಅವಳಿಗೂ ಗೊತ್ತು. ಮೆಣಸಿನಪುಡಿ ಎಷ್ಟು ಕೇಜಿ ತರಲಿ ಎಂದು ಉತ್ತರ ಬರೆದೆ. ಅಷ್ಟು ಕುಟ್ಟುವುದಕ್ಕೆ ನನಗೆ ಆ ಫೋಟೋಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.